ಸ್ಪ್ರಿಂಗು ಸಣ್ಣದು, ಆಪತ್ತು ದೊಡ್ಡದು

ಅಡಿಕೆ ಸಸಿ, ಬಾಳೆ, ಮರಗೆಣಸು, ಗದ್ದೆಯ ಪೈರು ಯಾವುದನ್ನೂ ಕಾಡುಹಂದಿ ಬಿಡುವುದಿಲ್ಲ. ರಾತ್ರಿ ಒಂದು ಹಿಂಡು ನುಗ್ಗಿದರೆ ಬೆಳಗ್ಗೆ ನೋಡುವಾಗ ತೋಟ ಉತ್ತ ಗದ್ದೆಯ ಹಾಗಿರುತ್ತದೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕೃಷಿಕರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಈ ಉಪದ್ರ ತಡೆಯಲಾಗದೆ ಕೇರಳ ಸರ್ಕಾರ 2022ರ ಮೇ ತಿಂಗಳಲ್ಲಿ ಒಂದು ತೀರ್ಮಾನ ಮಾಡಿತು. ಪಂಚಾಯತ್ ಅಧ್ಯಕ್ಷರಂಥ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಗೌರವ ವನ್ಯಜೀವಿ ವಾರ್ಡನ್ ಅಧಿಕಾರ ಸಿಕ್ಕಿತು. ಜನವಸತಿಗೆ ನುಗ್ಗಿ ಹಾನಿ ಮಾಡುವ ಹಂದಿಯನ್ನು ಕೊಲ್ಲಲು ಅವರು ಆದೇಶ ಕೊಡಬಹುದು ಎಂದಾಯಿತು. ವಿಷ ಇಡುವ ಹಾಗಿಲ್ಲ, ಸ್ಫೋಟಕ ಕೂಡದು, ಕರೆಂಟು ತಂತಿ ಎಳೆಯುವಂತಿಲ್ಲ. ಲೈಸನ್ಸ್ ಇರುವ ಕೋವಿಯಿಂದ ಹೊಡೆಯಬಹುದು.

ಸರಿ, ಒಳ್ಳೆಯ ತೀರ್ಮಾನವೇ. ಆದರೆ ಆ ಕೋವಿ ಹೇಗಿದೆ ಎಂದು ಕೇಳಿದವರು ಯಾರು?

ನಮ್ಮ ಕಡೆಯ ಮನೆಗಳಲ್ಲಿರುವ ಲೈಸನ್ಸ್ ಕೋವಿಗಳಲ್ಲಿ ಹಲವು ಅಜ್ಜನ ಕಾಲದಿಂದ ಕೈ ದಾಟಿ ಬಂದವು. ಒಂಟಿನಳಿಗೆ, ಜೋಡುನಳಿಗೆ, ಕೆಲವೆಡೆ ಹಳೆಯ ಕೇಪಿನ ಕೋವಿ. ನಳಿಗೆ ನೂರು ವರ್ಷ ಬಾಳಬಹುದು, ಮರದ ಹಿಡಿ ಒಡೆದರೆ ಬೇರೆ ಕೂಡಿಸಬಹುದು. ಮೊದಲು ಕೈಕೊಡುವುದು ಒಳಗೆ ಕಣ್ಣಿಗೆ ಕಾಣದಂತೆ ಕುಳಿತಿರುವ ಸ್ಪ್ರಿಂಗು. ಅದು ಹೋದರೆ ಅಸಲಿ ಸ್ಪ್ರಿಂಗು ಸಿಗುವುದಿಲ್ಲ. ಆಗ ಶುರುವಾಗುತ್ತದೆ 'ಏನಾದರೂ ಒಂದು ಹಾಕಿ ಕೊಡಿ ಮಾರಾಯ್ರೇ' ಎಂಬ ಮಾತು. ವೆಲ್ಡಿಂಗ್ ಶಾಪಿನಲ್ಲೋ, ಸೈಕಲ್ ರಿಪೇರಿಯವರ ಹತ್ತಿರವೋ, ಊರಿನ ಕೈಚಳಕದವರ ಜಗಲಿಯಲ್ಲೋ ಯಾವುದೋ ಯಂತ್ರದ ಸ್ಪ್ರಿಂಗು ಕೋವಿಯೊಳಗೆ ಹೊಕ್ಕುತ್ತದೆ. ಜೀವಕ್ಕೆ ಸಂಚಕಾರ ತರುವ ಕೆಲಸ ಇದು.

ಒಳಗೆ ನಡೆಯುವುದೇನು?

ಕೋವಿಯಲ್ಲಿ ಸ್ಪ್ರಿಂಗು ಒಂದಲ್ಲ, ನಾಲ್ಕೈದು ಇರುತ್ತವೆ. ಮುಖ್ಯವಾದುದು ಕುದುರೆಯನ್ನು ಹೊಡೆಯಿಸುವ ದೊಡ್ಡ ಸ್ಪ್ರಿಂಗು. ಬೆರಳಿನ ಟ್ರಿಗರ್ ಎಳೆದ ಕೂಡಲೇ ಇದರ ಬಲದಿಂದ ಕುದುರೆ ಮುಂದಕ್ಕೆ ಬಡಿಯುತ್ತದೆ, ಪಿನ್ನು ತೋಟೆಯ ಹಿಂದಿನ ಕೇಪಿಗೆ ಕುಟ್ಟುತ್ತದೆ, ಈಡು ಹಾರುತ್ತದೆ. ಟ್ರಿಗರಿಗೆ ಬೇರೆ ಸ್ಪ್ರಿಂಗು. ಹಲವು ಕೋವಿಗಳಲ್ಲಿ ಪಿನ್ನನ್ನು ಹಿಂದಕ್ಕೆ ತರಲು ಇನ್ನೊಂದು. ನಳಿಗೆ ಮಡಚಿ ಮುಚ್ಚಿದಾಗ ಬೀಗದಂತೆ ಹಿಡಿಯುವ ಮೇಲಿನ ಕೀಲಿಗೆ ಮತ್ತೊಂದು.

ದೊಡ್ಡ ಸ್ಪ್ರಿಂಗು ಸಡಿಲವಾದರೆ 'ಟಿಕ್' ಎಂದು ಸದ್ದು ಬರುತ್ತದೆ, ಈಡು ಹಾರುವುದಿಲ್ಲ. ಎದುರಲ್ಲಿ ಹಂದಿ, ಕೈಯಲ್ಲಿ ಹಾರದ ಕೋವಿ. ಆ ಗಾಬರಿಯಲ್ಲಿ ಹೆಚ್ಚಿನವರು ಮಾಡುವುದು ಕೂಡಲೇ ನಳಿಗೆ ಮಡಚಿ ನೋಡುವುದು. ಅದನ್ನು ಮಾತ್ರ ಮಾಡಬೇಡಿ. ಕೇಪಿಗೆ ಹತ್ತಿದ ಕಿಡಿ ತಡವಾಗಿ ಮದ್ದಿಗೆ ತಾಗಿ ತೋಟೆ ಸ್ವಲ್ಪ ಹೊತ್ತಿನ ಮೇಲೆ ಹಾರುವುದುಂಟು. ನಳಿಗೆಯ ಬಾಯಿ ಜನ, ಜಾನುವಾರು ಇಲ್ಲದ ಕಡೆಗೆ ಇರಲಿ. ಕಡಿಮೆಯೆಂದರೂ ಅರ್ಧ ನಿಮಿಷ ಹಾಗೆಯೇ ಹಿಡಿದುಕೊಂಡಿರಿ. ಆಮೇಲೆ ಮುಖ ಆಚೆಗೆ ಮಾಡಿ ಮಡಚಿ ತೋಟೆ ತೆಗೆಯಿರಿ.

ಹಾರದ ತೋಟೆಯ ಕೇಪನ್ನು ಬೆಳಕಿನಲ್ಲಿ ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ಕುಳಿ ಸರಿಯಾಗಿ ಆಳವಾಗಿ ಬಿದ್ದಿದ್ದರೆ ಹೆಚ್ಚಾಗಿ ತಪ್ಪು ತೋಟೆಯದು. ಹಳತಾಗಿರಬಹುದು, ಮಳೆಗಾಲದ ತೇವ ಕುಡಿದಿರಬಹುದು. ಕುಳಿ ಮೇಲುಮೇಲೆ ಬಿದ್ದಿದ್ದರೆ ತಪ್ಪು ಕೋವಿಯದು. ಆಗಲೂ ಸ್ಪ್ರಿಂಗೇ ಹೋಯಿತು ಅಂತ ತೀರ್ಮಾನ ಬೇಡ. ಪಿನ್ನಿನ ತುದಿ ಸವೆದಿರಬಹುದು. ಪಿನ್ನು ಓಡಾಡುವ ತೂತಿನಲ್ಲಿ ವರ್ಷಗಟ್ಟಲೆ ಹಾಕಿದ ಎಣ್ಣೆ ಅಂಟಿನಂತೆ ಗಟ್ಟಿಯಾಗಿ ಕುಳಿತಿರಬಹುದು. ಸ್ವಚ್ಛ ಮಾಡಿದರೆ ಸರಿಹೋಗುವ ಕೋವಿಗೆ ಹೊಸ ಸ್ಪ್ರಿಂಗು ತುರುಕಿದವರು ಎಷ್ಟೋ ಮಂದಿ.

'ಸ್ವಲ್ಪ ಗಟ್ಟಿಯದ್ದು ಹಾಕಿ'

ಈಡು ಹಾರುವುದಿಲ್ಲ ಎಂದ ಕೂಡಲೇ ಊರಿನ ಪರಿಹಾರ ಒಂದೇ: ಸ್ವಲ್ಪ ದಪ್ಪ ತಂತಿಯ ಸ್ಪ್ರಿಂಗು. ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ಸುರುಳಿ ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದಷ್ಟೇ ಏರುವುದಿಲ್ಲ, ಅದರ ನಾಲ್ಕನೇ ಘಾತದಲ್ಲಿ ಏರುತ್ತದೆ. ಸುರುಳಿಯ ಅಗಲ, ಸುತ್ತುಗಳ ಸಂಖ್ಯೆ ಅಷ್ಟೇ ಇದ್ದು ತಂತಿ 1 ಮಿ.ಮೀ. ಬದಲು 1.2 ಮಿ.ಮೀ. ಆದರೆ ಬಿಗಿ ಎರಡು ಪಟ್ಟು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಕೋವಿಗೆ ಮಾತ್ರ ಒಂದೇ ಅಲ್ಲ.

ಬಿಗಿ ಹೆಚ್ಚಾದರೆ ಕುದುರೆ ಎಳೆಯುವಾಗ ಹೆಬ್ಬೆರಳು ಜಾರುತ್ತದೆ. ಒಳಗೆ ತೋಟೆ ಇದ್ದರೆ ಆ ಜಾರಿಕೆಯೇ ಒಂದು ಈಡು. ಕುದುರೆಯನ್ನು ಹಿಡಿದು ನಿಲ್ಲಿಸುವ ಕಚ್ಚು ಬೇಗ ಸವೆಯುತ್ತದೆ, ಪಿನ್ನು ಬಿರುಕು ಬಿಡಬಹುದು, ಕೇಪು ತೂತಾಗಿ ಬಿಸಿ ಗಾಳಿ ಹಿಂದಕ್ಕೆ ಹೊಡೆಯಬಹುದು. ಮುಖದ ಪಕ್ಕದಲ್ಲೇ ಇರುವ ಜಾಗ ಅದು.

ಇನ್ನು ಉದ್ದ ಹೆಚ್ಚಾಯಿತೆಂದು ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸುವವರಿದ್ದಾರೆ. ಸುತ್ತು ಕಡಿಮೆಯಾದ ಸ್ಪ್ರಿಂಗು ಒತ್ತುವಾಗ ಮೊದಲಿಗಿಂತ ಗಟ್ಟಿಯಾಗುತ್ತದೆ. ಆದರೆ ಗಿಡ್ಡವಾದ್ದರಿಂದ ಕೂರಿಸಿದಾಗ ಇರಬೇಕಾದ ಮೊದಲ ಒತ್ತಡ ಇಳಿಯುತ್ತದೆ. ಹಳೆಯ ಜೋಡುನಳಿಗೆಗಳಲ್ಲಿ 'ವಿ' ಅಕ್ಷರದ ಹಾಗೆ ಮಡಚಿದ ಪಟ್ಟಿ ಸ್ಪ್ರಿಂಗು ಇರುತ್ತದೆ. ಅದನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿದರೆ ಉಕ್ಕಿನ ಹದವೇ ಹೋಯಿತು. ಸ್ಪ್ರಿಂಗಿನ ಉಕ್ಕನ್ನು ಕೆಂಪಗೆ ಕಾಯಿಸಿ ಅದ್ದಿ ಗಡಸು ಮಾಡಬೇಕು, ಮತ್ತೆ ಕಡಿಮೆ ಬಿಸಿಯಲ್ಲಿ ಹದಕ್ಕೆ ಇಳಿಸಬೇಕು. ಎರಡನೆಯದು ತಪ್ಪಿದರೆ ಗಾಜಿನಂತೆ ತುಂಡಾಗುತ್ತದೆ, ಮೊದಲನೆಯದು ತಪ್ಪಿದರೆ ನಾಲ್ಕು ಸಲ ಎಳೆಯುವಷ್ಟರಲ್ಲಿ ಜೋತು ಬೀಳುತ್ತದೆ.

ಇದು ನಮ್ಮ ಹಳ್ಳಿಗೆ ಮಾತ್ರ ಬಂದ ತೊಂದರೆ ಅಲ್ಲ. ಹಳೆಯ ಕೌಬಾಯ್ ಸಿನಿಮಾಗಳಲ್ಲಿ ಟ್ರಿಗರಿನ ಸುತ್ತಲಿನ ಬಳೆಯನ್ನು ಕೆಳಗೆ ತಳ್ಳಿ ಮೇಲಕ್ಕೆ ಎಳೆಯುವ ರೈಫಲ್ ನೋಡಿರುತ್ತೀರಿ. ವಿಂಚೆಸ್ಟರ್, ಮಾರ್ಲಿನ್ ಕಂಪೆನಿಗಳ ಲಿವರ್ ರೈಫಲ್ ಅದು. ವಿಂಚೆಸ್ಟರಿನ 1892, 1894ರ ಮಾದರಿಗಳನ್ನು ರೂಪಿಸಿದವರು ಜಾನ್ ಬ್ರೌನಿಂಗ್. ಅಮೆರಿಕದಲ್ಲಿ ಇವಕ್ಕೆ ಬೇರೆ ಕಂಪೆನಿಗಳ ಸ್ಪ್ರಿಂಗು ಅಂಗಡಿಯಲ್ಲೇ ಸಿಗುತ್ತದೆ. ಅಲ್ಲಿನವರ ಹುಚ್ಚು ನಮ್ಮದಕ್ಕೆ ತಿರುಗುಮುರುಗು: ಕೈಗೆ ಹಗುರ ಬರಲೆಂದು ಮೆತ್ತಗಿನ ಸ್ಪ್ರಿಂಗು ಹಾಕುತ್ತಾರೆ. ಮೆತ್ತಗಿನ ಕೇಪಿನ ತೋಟೆ ಹಾರುತ್ತದೆ, ಗಟ್ಟಿ ಕೇಪಿನದ್ದು 'ಟಿಕ್' ಎನ್ನುತ್ತದೆ. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟೆ ತಳ್ಳುವ ಸ್ಪ್ರಿಂಗು ಬದಲಿಸಿ, ಅದು ಹೆಚ್ಚು ಗಟ್ಟಿಯಾದರೆ ತೋಟೆ ತುಂಬಿಸುವುದೇ ಕಷ್ಟ, ಸಡಿಲವಾದರೆ ತೋಟೆ ಹಿಂದಕ್ಕೆ ಬರುವುದಿಲ್ಲ. ಬಲ್ಲ ರಿಪೇರಿಗಾರರ ಕ್ರಮ ಸರಳ. ಒಂದು ಸಲಕ್ಕೆ ಒಂದೇ ಸ್ಪ್ರಿಂಗು ಬದಲಿಸಬೇಕು. ಹಳತನ್ನು ಬಿಸಾಡಬಾರದು. ತೊಂದರೆ ಬಂದರೆ ಮೊದಲು ಹಳತನ್ನೇ ಮತ್ತೆ ಕೂರಿಸಿ ನೋಡಬೇಕು. ಈ ಮಾತು ಜೋಡುನಳಿಗೆಗೂ ಸಲ್ಲುತ್ತದೆ.

ದೊಡ್ಡ ಸ್ಪ್ರಿಂಗು ಕೈಕೊಟ್ಟರೆ ಈಡು ಹಾರುವುದಿಲ್ಲ. ಸಣ್ಣವು ಕೈಕೊಟ್ಟರೆ ಬೇಡದಾಗ ಹಾರುತ್ತದೆ. ಪಿನ್ನು ಹಿಂದಕ್ಕೆ ಸರಿಯದೆ ಹೊರಗೇ ನಿಂತಿದ್ದರೆ ಕೋವಿ ಮುಚ್ಚುವಾಗಲೇ ಕೇಪಿಗೆ ಕುಟ್ಟಬಹುದು. ಟ್ರಿಗರಿನ ಸ್ಪ್ರಿಂಗು ಸೋತರೆ ಎಳೆದಿಟ್ಟ ಕುದುರೆ ಸಣ್ಣ ತಾಗುವಿಕೆಗೂ ಬೀಳಬಹುದು. ಬೀಗದ ಸ್ಪ್ರಿಂಗು ಸೋತರೆ ನಳಿಗೆ ಪೂರ್ತಿ ಕೂರದೆ ಈಡಿನ ಹೊತ್ತಿಗೆ ತೆರೆದುಕೊಳ್ಳಬಹುದು. ಇಂಥ ಲಕ್ಷಣ ಕಂಡ ಕೋವಿಗೆ ತೋಟೆ ಹಾಕಲೇಬಾರದು. ಹಂದಿ ಬಂದರೆ ಬರಲಿ, ಡಬ್ಬಿ ಬಡಿದು ಓಡಿಸೋಣ.

ಗಡಿಯವರ ಗೋಳು

ಹಾಗಾದರೆ ಕೋವಿಯನ್ನು ಎಲ್ಲಿಗೆ ಒಯ್ಯಬೇಕು? ನಮ್ಮ ಕೃಷಿಕರು ಸಿಕ್ಕಿಬೀಳುವುದು ಇಲ್ಲೇ.

1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ತಯಾರಿಸಲು, ಮಾರಲು ಮಾತ್ರವಲ್ಲ, ರಿಪೇರಿ ಮಾಡಲೂ ಲೈಸನ್ಸ್ ಬೇಕು. 2019ರ ತಿದ್ದುಪಡಿಯ ನಂತರ ಈ ಸೆಕ್ಷನ್ ಮೀರಿದರೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಗೆ ಅವಕಾಶವಿದೆ. ಸ್ಪ್ರಿಂಗು ಹಾಕಿಕೊಟ್ಟು ನೂರಿನ್ನೂರು ರೂಪಾಯಿ ಪಡೆಯುವ ವೆಲ್ಡಿಂಗ್ ಶಾಪಿನ ಹುಡುಗನಿಗೆ ಇದು ಗೊತ್ತಿದೆಯೇ? ಕೊಟ್ಟವರಿಗಾದರೂ ಗೊತ್ತಿದೆಯೇ?

ಮಂಜೇಶ್ವರದವರಿಗೆ ಮಂಗಳೂರು ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಮದುವೆ ಜವಳಿಗೂ ಮಂಗಳೂರು, ಆಸ್ಪತ್ರೆಗೂ ಮಂಗಳೂರು. ಆದರೆ ಕೋವಿ ಹಿಡಿದು ತಲಪಾಡಿ ದಾಟುವ ಹಾಗಿಲ್ಲ. ಕೋವಿಯನ್ನು ಯಾವ ಪ್ರದೇಶದೊಳಗೆ ಒಯ್ಯಬಹುದು ಎಂದು ಲೈಸನ್ಸಿನಲ್ಲೇ ಬರೆದಿರುತ್ತದೆ. ಅದರಲ್ಲಿ ಕೇರಳ ಮಾತ್ರ ಇದ್ದರೆ ಗಡಿ ದಾಟಿದ ಕೂಡಲೇ ಅದು ಲೈಸನ್ಸ್ ಇಲ್ಲದ ಕೋವಿಯ ಲೆಕ್ಕ. ಹತ್ತಿರದ ಪೇಟೆ ಪರರಾಜ್ಯ, ಸ್ವಂತ ರಾಜ್ಯದ ಪೇಟೆ ದೂರ. ಈ ಕಷ್ಟ ರಾಜ್ಯದ ನಡುವಿನ ಊರಿನವರಿಗೆ ಇಲ್ಲ, ಗಡಿಯವರಿಗೆ ಮಾತ್ರ ಇದೆ. ಕಾನೂನು ಪಾಲಿಸಬೇಕೆಂದು ಹೊರಟವನಿಗೆ ದಾರಿ ದೂರ, ಮುರಿಯಲು ಹೊರಟವನಿಗೆ ವೆಲ್ಡಿಂಗ್ ಶಾಪು ಪಕ್ಕದಲ್ಲೇ. ಇದೆಂಥ ವ್ಯವಸ್ಥೆ?

ಮೇಲಿಂದ ಚುನಾವಣೆ. 2024ರಲ್ಲಿ ಲೋಕಸಭೆ, 2025ರ ಡಿಸೆಂಬರಿನಲ್ಲಿ ಸ್ಥಳೀಯ ಸಂಸ್ಥೆಗಳು, ಹೀಗೆ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ವಿನಾಯಿತಿ ಸಿಗದವರು ಪ್ರತಿ ಸಲ ಕೋವಿಯನ್ನು ಠಾಣೆಯಲ್ಲಿ ಇಟ್ಟು ಬರಬೇಕು. ಶಾಂತಿಯುತ ಚುನಾವಣೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ, ಉಪ್ಪು ಗಾಳಿ ಬೀಸುವ ಊರು ನಮ್ಮದು. ತಿಂಗಳುಗಟ್ಟಲೆ ಒರಸದೆ, ಎಣ್ಣೆ ಕಾಣದೆ ಗೋಡೆಗೆ ಒರಗಿ ನಿಂತ ಕೋವಿಯ ಒಳಗೆ ತುಕ್ಕು ಹಿಡಿಯದೆ ಇರುತ್ತದೆಯೇ? ಸ್ಪ್ರಿಂಗಿನ ಮೇಲೆ ತುಕ್ಕಿನ ಒಂದು ಚುಕ್ಕಿ ಸಾಕು, ಬಿರುಕು ಅಲ್ಲಿಂದಲೇ ಶುರು. ಮರಳಿ ತಂದವರು ಅದನ್ನು ಬಿಚ್ಚಿ ನೋಡುವುದಿಲ್ಲ, ನೋಡಲು ಗೊತ್ತೂ ಇಲ್ಲ. ನೇರ ತೋಟಕ್ಕೆ ಒಯ್ಯುತ್ತಾರೆ.

ಆಗಬೇಕಾದ್ದು

ಬೇಡಿಕೆ ದೊಡ್ಡದೇನಲ್ಲ. ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ತಾಲೂಕು ಕೇಂದ್ರದಲ್ಲಿ ಕೋವಿ ತಪಾಸಣಾ ಶಿಬಿರ ನಡೆಯಲಿ. ಲೈಸನ್ಸ್ ಇರುವ ರಿಪೇರಿಗಾರರನ್ನು ಜಿಲ್ಲಾಡಳಿತವೇ ಕರೆಸಲಿ, ಪೊಲೀಸರ ಎದುರಿನಲ್ಲೇ ಕೆಲಸ ಆಗಲಿ, ಖರ್ಚನ್ನು ಕೋವಿಯವರೇ ಕೊಡಲಿ. ಹಂದಿ ಹೊಡೆಯಲು ಪಂಚಾಯತ್ ಪಟ್ಟಿಗೆ ಸೇರಿದವರ ಕೋವಿಗೆ ಈ ತಪಾಸಣೆ ಕಡ್ಡಾಯವಾಗಲಿ. ಠಾಣೆಯಲ್ಲಿ ಕೋವಿ ಇಡುವಾಗ ಅದರ ಸ್ಥಿತಿಯನ್ನು ರಶೀದಿಯಲ್ಲಿ ಬರೆಯಲಿ, ಇಡುವ ಮುಂಚೆ ಎಣ್ಣೆ ಹಚ್ಚಲು ಹತ್ತು ನಿಮಿಷ ಕೊಡಲಿ. ಗಡಿ ತಾಲೂಕಿನವರಿಗೆ ರಿಪೇರಿಗೆಂದೇ ನಿಗದಿತ ದಿನಕ್ಕೆ ನೆರೆಯ ಜಿಲ್ಲೆಗೆ ಒಯ್ಯುವ ಅನುಮತಿ ಸುಲಭವಾಗಿ ಸಿಗುವಂತೆ ಎರಡೂ ಜಿಲ್ಲಾಡಳಿತಗಳು ಕೂತು ಮಾತಾಡಲಿ.

ಇನ್ನೊಂದು, ಭಾಷೆಯ ವಿಷಯ. ಕೋವಿ ಇರುವ ಎಷ್ಟೋ ಹಿರಿಯರು ಕನ್ನಡ ಶಾಲೆಯಲ್ಲಿ ಕಲಿತವರು, ಮಲಯಾಳ ಮಾತಾಡಿದರೂ ಓದಲು ಬಾರದವರು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು ಅವಕಾಶ ಕೊಟ್ಟಿದೆ. ಕೋವಿ ಠಾಣೆಗೆ ತರಬೇಕೆಂಬ ನೋಟಿಸು, ರಿಪೇರಿಯ ನಿಯಮ, ಸುರಕ್ಷೆಯ ಸೂಚನೆ ಕನ್ನಡದಲ್ಲಿ ಬಂದರೆ ಯಾರ ಗಂಟೂ ಹೋಗುವುದಿಲ್ಲ. ಜೀವ ಉಳಿಸುವ ಮಾತು ಓದಲು ಬರುವ ಅಕ್ಷರದಲ್ಲಿರಬೇಕು.

'ರಿಪೇರಿ ಸುಲಭ ಮಾಡಿಕೊಟ್ಟರೆ ಬೇಟೆ ಹೆಚ್ಚುತ್ತದೆ' ಎನ್ನುವವರಿದ್ದಾರೆ. ಅವರ ಆತಂಕ ಅರ್ಥವಾಗುವಂಥದ್ದೇ. ಆದರೆ ಇಲ್ಲಿ ಕೇಳುತ್ತಿರುವುದು ಹೊಸ ಕೋವಿ ಅಲ್ಲ, ನಂಬರ್ ಸಮೇತ ಸರ್ಕಾರದ ಪುಸ್ತಕದಲ್ಲಿರುವ ಕೋವಿಯ ತಪಾಸಣೆ. ಶಿಬಿರಕ್ಕೆ ಬರುವ ಕೋವಿ ಅಧಿಕಾರಿಗಳ ಕಣ್ಣೆದುರು ಇರುತ್ತದೆ. ಕಳ್ಳಬೇಟೆಗೆ ಅನುಕೂಲ ಆಗುವುದು ಕದ್ದುಮುಚ್ಚಿ ನಡೆಯುವ ರಿಪೇರಿಯಿಂದ. ಲೈಸನ್ಸ್ ಕೋವಿಯ ಕೆಲಸ ಕಲಿತ ಕೈ ನಾಳೆ ಕಳ್ಳಕೋವಿಗೂ ಕೆಲಸ ಮಾಡಿಕೊಡುತ್ತದೆ.

ಅಷ್ಟರವರೆಗೆ ಕೋವಿ ಇರುವ ಮನೆಯವರು ಮಾಡಬಹುದಾದ್ದು ಇಷ್ಟು. ಖಾಲಿ ಇದೆಯೆಂದು ಎರಡು ಸಲ ನೋಡಿ, ಒರಸಿ, ತೆಳುವಾಗಿ ಎಣ್ಣೆ ಹಚ್ಚಿ ಬೀಗ ಹಾಕಿ ಇಡಿ. ಒಳಗಿನ ಸ್ಕ್ರೂ ಬಿಚ್ಚಬೇಡಿ, ಬಿಚ್ಚಲು ಯಾರಿಗೂ ಕೊಡಬೇಡಿ. ಸಂಶಯ ಬಂದ ಕೋವಿಯನ್ನು ಪೆಟ್ಟಿಗೆಯಲ್ಲೇ ಬಿಡಿ. ಹಂದಿ ಹಾಳು ಮಾಡಿದ ತೋಟವನ್ನು ಮತ್ತೆ ನೆಡಬಹುದು. ಇಪ್ಪತ್ತು ರೂಪಾಯಿಯ ಸ್ಪ್ರಿಂಗಿನಿಂದ ಹೋದ ಕಣ್ಣು, ಹೋದ ಜೀವ ಮರಳಿ ಬರುವುದಿಲ್ಲ. ಹಂದಿ ಹೊಡೆಯಲು ಆದೇಶ ಕೊಡುವ ಸರ್ಕಾರ ಹೊಡೆಯುವವನ ಕೋವಿಯನ್ನೂ ಒಮ್ಮೆ ನೋಡಲಿ.