ಹಲ್ಲು ಬದಲಿಸುವ ಮುಂಚೆ ಲೆಕ್ಕ ಮಾಡೋಣ

2016ರಲ್ಲಿ ಹಿಮಾಲಯನ್ ಬಂತು, 2019ರಲ್ಲಿ ಎಕ್ಸ್‌ಪಲ್ಸ್ 200 ಬಂತು. ಅದಾದ ಮೇಲೆ ಆಫ್‌ರೋಡ್ ಗಾಡಿ ಅಂದ್ರೆ ದೊಡ್ಡ ಊರಿನವರ ಶೋಕಿ ಅನ್ನೋ ಮಾತು ಹೋಯ್ತು. ಈಗ ಗದಗ-ಬೆಟಗೇರಿಯ ಯಾವ ಓಣಿಯಲ್ಲಾದರೂ ಇಂಥ ಗಾಡಿ ಕಾಣಬಹುದು. 2015ರಲ್ಲಿ ನಮ್ಮ ಬೆಂಗಳೂರಿನ ಸಿ. ಎಸ್. ಸಂತೋಷ್ ಡಾಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯರಾದರು. ಅವರ ವಿಡಿಯೋ ನೋಡಿದ ಮೇಲೆ ಆಸೆ ಹುಟ್ಟೋದು ಸಹಜ. ಆದರೆ ಆಸೆಯ ಜೊತೆ ಒಂದು ಪುಕ್ಕಟೆ ಸಲಹೆನೂ ಊರು ತುಂಬ ಓಡಾಡ್ತಿದೆ: "ಚೈನ್ ಸವದೈತೇನು? ಹಿಂದ ದೊಡ್ಡ ಸ್ಪ್ರಾಕೆಟ್ ಹಾಕ್ಸಲೇ, ಪಿಕಪ್ ಹೆಂಗ ಬರ್ತದ ನೋಡು."

ಈ ಸಲಹೆಯನ್ನು ಹಂಗೇ ನುಂಗಬಾರದು ಅನ್ನೋದು ನಮ್ಮ ವಾದ. ಗೇರ್ ರೇಶಿಯೋ ಅಂದರೇನು ಅಂತ ಪರೀಕ್ಷೆಯಲ್ಲಿ ಎರಡು ಪುಟ ಬರೆಯುವ ನಾವು, ಗ್ಯಾರೇಜಿಗೆ ಹೋದ ಕೂಡಲೇ ಅದನ್ನು ಮರೆಯುತ್ತೇವೆ. ಲೆಕ್ಕ ಕಷ್ಟದ್ದೇನಲ್ಲ. ಹಿಂದಿನ ಹಲ್ಲುಗಳನ್ನು ಮುಂದಿನ ಹಲ್ಲುಗಳಿಂದ ಭಾಗಿಸಬೇಕು, ಅಷ್ಟೇ.

ಒಂದು ಗಾಡಿಗೆ ಮುಂದೆ 13, ಹಿಂದೆ 39 ಹಲ್ಲು ಅಂತ ಇಟ್ಟುಕೊಳ್ಳೋಣ. ರೇಶಿಯೋ 3.00. ಮುಂದೆ ಒಂದೇ ಹಲ್ಲು ಇಳಿಸಿ 12 ಹಾಕಿದರೆ 3.25 ಆಗುತ್ತದೆ. ಅಂದರೆ ಹಿಂದಿನ ಚಕ್ರಕ್ಕೆ ಸಿಗುವ ಟಾರ್ಕ್ ಶೇ. 8ರಷ್ಟು ಹೆಚ್ಚು. ಇದೇ ಫಲ ಹಿಂದಿನಿಂದ ಬೇಕಾದರೆ 13ಕ್ಕೆ 42 ಹಾಕಬೇಕು, ಆಗ 3.23. ಮುಂದಿನ ಒಂದು ಹಲ್ಲು ಹಿಂದಿನ ಮೂರು ಹಲ್ಲಿಗೆ ಸಮ ಅಂತಾಯ್ತು. ಮುಂದಿನದು ಅಗ್ಗ. ಚೈನ್ ಕೂಡ ಅದೇ ಸಾಕು, ಅಡ್ಜಸ್ಟರ್‌ನಲ್ಲಿ ಸ್ವಲ್ಪ ಹಿಂದೆ ಎಳೆದರೆ ಮುಗೀತು. ಹಿಂದೆ ಮೂರು ಹಲ್ಲು ಏರಿಸಿದರೆ ಒಂದೂವರೆ ಕೊಂಡಿಯಷ್ಟು ಉದ್ದ ಬೇಕಾಗುತ್ತದೆ. ಹಳೇ ಚೈನ್ ಮುಟ್ಟದೇ ಹೋಗಬಹುದು.

ಹಂಗಂತ ಮುಂದಿನದೇ ಸರಿ ಅಂತ ನಾವು ಹೇಳುತ್ತಿಲ್ಲ. ಹಲ್ಲು ಕಡಿಮೆಯಾದಷ್ಟು ಚೈನ್ ಹೆಚ್ಚು ಬಾಗುತ್ತದೆ, ಬೇಗ ಸವೆಯುತ್ತದೆ, ಸ್ವಿಂಗ್‌ಆರ್ಮ್ ಮೇಲಿನ ರಬ್ಬರನ್ನೂ ಹೆಚ್ಚು ತಿಕ್ಕುತ್ತದೆ. ಇನ್ನೊಂದು ಸೂಕ್ಷ್ಮ ಇದೆ. ಚೈನಿನಲ್ಲಿ ಕೊಂಡಿಗಳು ಯಾವಾಗಲೂ ಸಮಸಂಖ್ಯೆ. ಸ್ಪ್ರಾಕೆಟ್ಟಿನ ಹಲ್ಲೂ ಸಮಸಂಖ್ಯೆ ಆದರೆ ಅದೇ ಹಲ್ಲಿಗೆ ಅದೇ ತರಹದ ಕೊಂಡಿ ಬಂದು ಕೂರುತ್ತದೆ. 13ರಲ್ಲಿ ಹಂಗಾಗಲ್ಲ, ಸವೆತ ಎಲ್ಲ ಹಲ್ಲಿಗೂ ಹಂಚಿಹೋಗುತ್ತದೆ. ಕಂಪನಿಯವರು ಬೆಸ ಸಂಖ್ಯೆ ಇಟ್ಟಿದ್ದರೆ ಅದಕ್ಕೂ ಕಾರಣ ಇರುತ್ತದೆ.

ಈಗ ಮುಖ್ಯ ಪ್ರಶ್ನೆ: ಈ ಟಾರ್ಕ್ ಯಾರಿಗೆ ಬೇಕು? ಸ್ಪ್ರಾಕೆಟ್ ಬದಲಿಸಿದರೆ ಇಂಜಿನ್ನಿನ ಪವರ್ ಹೆಚ್ಚಾಗಲ್ಲ. ಕೆಳಗೆ ಸಿಕ್ಕಿದ್ದನ್ನು ಮೇಲೆ ಕಳೆದುಕೊಳ್ಳುತ್ತೇವೆ. ಮೊದಲು 80ರಲ್ಲಿ ಓಡುತ್ತಿದ್ದ ಆರ್‌ಪಿಎಂನಲ್ಲಿ ಈಗ 74 ಮಾತ್ರ. ನಮ್ಮಲ್ಲಿ ಹೆಚ್ಚಿನವರ ಗಾಡಿ ಭಾನುವಾರದ ಟ್ರೇಲ್‌ಗಾಗಿ ಇರುವುದಲ್ಲ. ಮುಂಡರಗಿಯಿಂದ ಗದಗಿಗೆ ನಲವತ್ತರ ಹತ್ತಿರ ಕಿ.ಮೀ. ಡಾಂಬರಿನ ಮೇಲೆ ದಿನಾ ಬರುವ ಗಾಡಿ ಅದು. ಸಂಜೆ ಅದನ್ನೇ ಅಪ್ಪ ಹೊಲಕ್ಕೆ ಒಯ್ಯುತ್ತಾರೆ. ಲಾರಿ ಓವರ್‌ಟೇಕ್ ಮಾಡುವಾಗ ಇಂಜಿನ್ ಮೊದಲೇ ಕೂಗ್ತಾ ಇದ್ದರೆ ಮುಂದೆ ಎಳೆಯೋಕೆ ಏನೂ ಉಳಿದಿರಲ್ಲ. ಇದು ಬರೀ ಪೆಟ್ರೋಲಿನ ಮಾತಲ್ಲ, ಜೀವದ ಮಾತು.

ಎರಡನೇದು, ನಮ್ಮ ಮಣ್ಣು. ಲಕ್ಷ್ಮೇಶ್ವರದ ಕಡೆ ಎರಿ ಹೊಲಗಳು. ಮಳೆ ಬಿದ್ದರೆ ಎರಿ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಅಲ್ಲಿ 45 ಹಲ್ಲು ಹಾಕಿದರೂ ಟೈರ್ ನಿಂತಲ್ಲೇ ಜಾರುತ್ತದೆ. ಬೇಕಾಗಿರೋದು ಹಿಡಿತ, ಟಾರ್ಕ್ ಅಲ್ಲ. ಆ ದುಡ್ಡನ್ನು ಟೈರಿಗೆ ಹಾಕಿದರೆ ಲಾಭ. ಶಿರಹಟ್ಟಿ, ಮುಂಡರಗಿ ಕಡೆಯ ಮಸಾರಿ ಮಣ್ಣು, ಗುಡ್ಡದ ಗರಸು, ಕಲ್ಲು ಬೇರೆ ಕಥೆ. ಅಲ್ಲಿ ಒಂದನೇ ಗೇರಿನಲ್ಲಿ ನಿಧಾನಕ್ಕೆ, ಕ್ಲಚ್ ಸುಡದೆ ಏರಬೇಕು. ಅಲ್ಲಿ ಒಂದು ಹಲ್ಲಿನ ವ್ಯತ್ಯಾಸ ನಿಜವಾಗಲೂ ಗೊತ್ತಾಗುತ್ತದೆ. ದಿನಾ ಅಂಥ ದಾರಿಯಲ್ಲೇ ಓಡಾಡುವವರು ಖಂಡಿತ ಬದಲಿಸಲಿ. ವರ್ಷಕ್ಕೆ ನಾಲ್ಕು ಸಲ ಹೋಗುವವರು ಯಾಕೆ ಬದಲಿಸಬೇಕು?

ಗುಡ್ಡ ಅಂದಾಗ ಒಂದು ಮಾತು ಹೇಳಲೇಬೇಕು. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ನಮ್ಮ ಸ್ಪ್ರಾಕೆಟ್ ಪರೀಕ್ಷೆಗೆ ಅದು ಟ್ರ್ಯಾಕ್ ಅಲ್ಲ. ಗಣಿಗಾರಿಕೆ ಬೇಡ ಅಂತ ಊರಿನ ಜನ ಬೀದಿಗಿಳಿದು ಉಳಿಸಿಕೊಂಡ ಗುಡ್ಡ ಅದು. ಅಲ್ಲಿ ಹೊಸ ದಾರಿ ಕೊರೆದು ರೀಲ್ಸ್ ಮಾಡೋದು ನಮಗೆ ಶೋಭೆಯಲ್ಲ. ಹೊಲದ ಬಂಡಿದಾರಿ ಬೇಕಾದಷ್ಟಿವೆ, ಹೊಲದವರನ್ನು ಒಂದು ಮಾತು ಕೇಳಿ ಹೋಗೋಣ.

ಹಾಗಾದರೆ ಗ್ಯಾರೇಜಿನಲ್ಲಿ ಏನು ಮಾಡಬೇಕು? ಮೊದಲು ಹಳೇದನ್ನು ನೋಡಬೇಕು. ಹಿಂದಿನ ಸ್ಪ್ರಾಕೆಟ್ಟಿನ ಹಿಂಭಾಗದಲ್ಲಿ ಚೈನ್ ಹಿಡಿದು ಎಳೆಯಿರಿ. ಅದು ಎದ್ದು ಅರ್ಧ ಹಲ್ಲು ಕಂಡರೆ ಚೈನ್ ಕಥೆ ಮುಗಿದಿದೆ. ಹಲ್ಲುಗಳು ಕೊಕ್ಕೆಯ ಹಾಗೆ ಒಂದೇ ಕಡೆ ಬಾಗಿದ್ದರೆ ಸ್ಪ್ರಾಕೆಟ್ ಕಥೆನೂ ಮುಗಿದಿದೆ. ಆಗ ಚೈನ್, ಮುಂದಿನದು, ಹಿಂದಿನದು ಮೂರನ್ನೂ ಒಟ್ಟಿಗೆ ಹಾಕಿಸಬೇಕು. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಹೊಸದೂ ಬೇಗ ಹಾಳಾಗುತ್ತದೆ. ಚೈನಿನ ನಂಬರನ್ನೂ ನೋಡಿ. 428ರ ಪಿಚ್ 12.7 ಮಿ.ಮೀ., 520ರದ್ದು 15.875 ಮಿ.ಮೀ. ಒಂದರ ಸ್ಪ್ರಾಕೆಟ್ ಇನ್ನೊಂದರ ಚೈನಿಗೆ ಕೂರಲ್ಲ. ಅಲ್ಯೂಮಿನಿಯಂ ಹಿಂದಿನ ಸ್ಪ್ರಾಕೆಟ್ ಹಗುರ, ನೋಡಲು ಚಂದ, ಆದರೆ ನಮ್ಮ ಧೂಳಿನಲ್ಲಿ ಸ್ಟೀಲೇ ಹೆಚ್ಚು ಬಾಳುತ್ತದೆ. ಸ್ಪೀಡ್ ಸೆನ್ಸರ್ ಗೇರ್‌ಬಾಕ್ಸ್ ಕಡೆ ಇರುವ ಗಾಡಿಯಾದರೆ ರೇಶಿಯೋ ಬದಲಾದ ಮೇಲೆ ಮೀಟರ್ ಹೆಚ್ಚು ತೋರಿಸುತ್ತದೆ. ಮುಂದಿನ ಚಕ್ರದಲ್ಲಿದ್ದರೆ ಆ ತೊಂದರೆ ಇಲ್ಲ.

ಇಷ್ಟಾಗಿಯೂ ಬದಲಿಸಲೇಬೇಕು ಅನ್ನಿಸಿದರೆ, ಚೈನ್ ಕಿಟ್ ಇನ್ನೂ ಚೆನ್ನಾಗಿರುವಾಗಲೇ ಮುಂದೆ ಒಂದು ಹಲ್ಲು ಕಡಿಮೆಯದು ಹಾಕಿ ಒಂದು ತಿಂಗಳು ಓಡಿಸಿ ನೋಡಿ. ಹಳೇದನ್ನು ಎಣ್ಣೆ ಹಚ್ಚಿ ಎತ್ತಿಡಿ. ಇಷ್ಟವಾದರೆ ಮುಂದಿನ ಕಿಟ್ ತರುವಾಗ ಅದೇ ರೇಶಿಯೋವನ್ನು ಹಿಂದಿನ ದೊಡ್ಡ ಸ್ಪ್ರಾಕೆಟ್ಟಿನಿಂದ ಪಡೆಯಬಹುದು, ಮುಂದೆ 13 ಹಂಗೇ ಉಳಿಯುತ್ತದೆ. ಆಗದಿದ್ದರೆ ವಾಪಸ್ ಹಾಕೋದು ಅರ್ಧ ಗಂಟೆಯ ಕೆಲಸ.

ಮನೆಯವರು ಬೆಳೆ ಮಾರಿದ ದುಡ್ಡಿನಲ್ಲಿ ಕೊಡಿಸಿದ ಗಾಡಿಗೆ ಅಷ್ಟಾದರೂ ತಾಳ್ಮೆ ಬೇಕು. ಇಂಜಿನಿಯರಿಂಗ್ ಓದುವ ನಾವೇ ಭಾಗಾಕಾರ ಬಿಟ್ಟು ಬಾಯಿಮಾತು ನಂಬಿದರೆ ಹೆಂಗ್ರಿ?