ಮುಗಿಲ ಮೇಲಿನಿಂದ ಮಳೆಯ ಅಳತೆ

ಆರಿದ್ರಾ ಮಳೆ ಹಿಡಿದು ಮೂರು ದಿನವಾಗಿತ್ತು. ಲಕಮನಹಳ್ಳಿಯ ನಮ್ಮ ಮನೆಯಲ್ಲಿ ಒಣಹಾಕಿದ ಸೀರೆ ಆರಲೊಲ್ಲದು. ಅಂಗಳದ ಡಬ್ಬಿಯಲ್ಲಿ ಬೆರಳಗಲ ನೀರು ನಿಂತಿತ್ತು. ಆದರೆ ಉಪಗ್ರಹಗಳ ಲೆಕ್ಕದಿಂದ ಬಿಡಿಸಿದ ನಕಾಶೆಯನ್ನು ನೋಡಿದ ಮಗನು ಧಾರವಾಡದಲ್ಲಿ ಮಳೆಯೇ ಇಲ್ಲವೆಂದನು! ಹೆಸರು ಬಿತ್ತಿ ಕುಳಿತವರಿಗೆ ಇದು ನಗುವ ಮಾತಲ್ಲ. ವಾಚಕರೇ, ಈ ತಪ್ಪು ಹೇಗಾಗುವುದೆಂಬುದನ್ನು ಈ ತಿಂಗಳು ನೋಡೋಣ.

ಡಬ್ಬಿಯ ಅಳತೆ ಅಂಗಳದ ಮಟ್ಟಿಗೆ ಸರಿ. ಹುಬ್ಬಳ್ಳಿಯ ಮಳೆಯನ್ನು ಅದು ಹೇಳಲಾರದು. ಕಡಲ ನಡುವೆ ಡಬ್ಬಿಯಿಡುವವರಾದರೂ ಯಾರು? ಅದಕ್ಕೆಂದೇ ಭಾರತ ಮತ್ತು ಫ್ರಾನ್ಸ್ ದೇಶಗಳು ಕೂಡಿ ‘ಮೇಘಾ-ಟ್ರಾಪಿಕ್ಸ್’ ಎಂಬ ಉಪಗ್ರಹವನ್ನು 2011ನೆಯ ಅಕ್ಟೋಬರ 12ರಂದು ಶ್ರೀಹರಿಕೋಟೆಯಿಂದ ಹಾರಿಸಿದವು. ಸುಮಾರು 867 ಕಿಲೋಮೀಟರು ಎತ್ತರದಲ್ಲಿ ಅದು ಉಷ್ಣವಲಯದ ಮೇಲೆಯೇ ಸುತ್ತುತ್ತಿತ್ತು. ಅದರಲ್ಲಿದ್ದ ಮಳೆಯ ಯಂತ್ರದ ಹೆಸರು ‘ಮದ್ರಾಸ್’, ಊರೆಂದು ಭ್ರಮಿಸಬೇಡಿರಿ.

ಈ ಯಂತ್ರವು ತಾನಾಗಿ ಏನನ್ನೂ ಬೀರುವುದಿಲ್ಲ. ಹಂಚು ಕಾಯ್ದಿತೋ ಇಲ್ಲವೋ ಎಂದು ರೊಟ್ಟಿ ಬಡಿಯುವವಳು ಅಂಗೈಯನ್ನು ಮೇಲೆ ಹಿಡಿದು ನೋಡುವಳಲ್ಲವೇ? ಅದರಂತೆಯೇ ಕೆಳಗಿನಿಂದ ತಾವಾಗಿ ಹೊಮ್ಮುವ ಸೂಕ್ಷ್ಮತರಂಗಗಳನ್ನು ಅದು ಸ್ವೀಕರಿಸುವುದು, ಅಷ್ಟೆ. ಕಡಲು ಈ ತರಂಗಗಳನ್ನು ಕಡಿಮೆ ಹೊಮ್ಮಿಸುವುದು, ಮಳೆಹನಿಗಳು ಹೆಚ್ಚು. ಆದುದರಿಂದ ಕಪ್ಪು ಕಂಬಳಿಯ ಮೇಲೆ ಚೆಲ್ಲಿದ ಜೋಳದಂತೆ ಕಡಲಿನ ಮಳೆ ಎದ್ದು ಕಾಣುವುದು. ನೆಲವಾದರೋ ಹನಿಗಳಷ್ಟೇ ಧಾರಾಳವಾಗಿ ಹೊಮ್ಮಿಸುವುದು. ಬೆಳ್ಳಗಿನ ಗೋಡೆಯ ಮೇಲೆ ಸುಣ್ಣದ ಗೆರೆ ಕಂಡೀತೇ?

ಆಗ ಇನ್ನೊಂದು ಉಪಾಯ. ಮೋಡದ ನೆತ್ತಿಯಲ್ಲಿ ಹಿಮದ ಕಣಗಳಿದ್ದರೆ ಅವು ನೆಲದಿಂದೇಳುವ ಕಿರಿದಾದ ತರಂಗಗಳನ್ನು ಚದುರಿಸಿ, ಮೇಲಿನಿಂದ ನೋಡುವವರಿಗೆ ಆ ಭಾಗವನ್ನು ತಣ್ಣಗೆ ತೋರಿಸುವುವು. ವೈಶಾಖದಲ್ಲಿ ಗುಡುಗಿ ಆಣೆಕಲ್ಲು ಸುರಿಸುವ ಅಡ್ಡಮಳೆ ಹೀಗೆ ಸಿಕ್ಕಿಬೀಳುವುದು. ಆದರೆ ಮಲೆನಾಡಿನ ಸೆರಗಾದ ನಮ್ಮಲ್ಲಿ ಮುಂಗಾರಿನ ಜಿಟಿಜಿಟಿ ಮಳೆ ಬಹುಮಟ್ಟಿಗೆ ತಗ್ಗಿನ ಮೋಡಗಳದು. ಅವುಗಳಲ್ಲಿ ಹಿಮವಿರುವುದು ಕಡಿಮೆ, ಇಲ್ಲವೆಂದರೂ ಸಲ್ಲುವುದು. ಬೀಜ ಮೊಳೆಯಿಸುವ ಮಳೆಯೇ ಲೆಕ್ಕಕ್ಕೆ ತಪ್ಪುವುದು!

‘ಮದ್ರಾಸ್’ ಯಂತ್ರವು 2013ರ ಜನವರಿಯಲ್ಲಿ ಕೆಟ್ಟು ನಿಂತಿತು. ಉಪಗ್ರಹವನ್ನು 2023ನೆಯ ಮಾರ್ಚ 7ರಂದು ಶಾಂತ ಸಾಗರದ ಮೇಲೆ ಬೇಕೆಂದೇ ಇಳಿಸಿ ಸುಟ್ಟುಹೋಗುವಂತೆ ಮಾಡಿದರು. ಅಮೆರಿಕ ಜಪಾನುಗಳು 2014ರಲ್ಲಿ ಹಾರಿಸಿದ ‘ಜಿ.ಪಿ.ಎಂ.’ ಉಪಗ್ರಹದಲ್ಲಿ ರೇಡಾರೂ ಇದೆ. ಆದರೂ ಹಲವು ಉಪಗ್ರಹಗಳನ್ನು ಕೂಡಿಸಿದ ಅದರ ಕಟ್ಟಕಡೆಯ ಲೆಕ್ಕವನ್ನು ನೆಲದ ಮಳೆಮಾಪಕಗಳ ತಿಂಗಳ ಅಳತೆಯೊಡನೆ ತಾಳೆನೋಡಿ ತಿದ್ದುವರು.

ಡಬ್ಬಿಯನ್ನು ಎಸೆಯಬೇಡಿರಿ. ಬದಿಗಳು ನೆಟ್ಟಗಿರಲಿ, ಸೂರಿನಿಂದಲೂ ಗಿಡದಿಂದಲೂ ದೂರವಿಡಿರಿ. ನಿಂತ ನೀರು ಒಂದು ಮಿಲಿಮೀಟರಾದರೆ ಪ್ರತಿ ಚದರ ಮೀಟರು ನೆಲಕ್ಕೆ ಒಂದು ಲೀಟರು ಬಿದ್ದಿತೆಂದರ್ಥ. ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಅಂದರೆ ಮುಂಜಾನೆ 8-30ಕ್ಕೆ, ಅಳೆದು ಪಂಚಾಂಗದ ಅಂಚಿನಲ್ಲಿ ಬರೆದಿಡಿರಿ.