ಕಡಲ ತೀರವೋ, ಕಲ್ಲುಹಾಸಿನ ನಗರವೋ?

ವಾರ್ಷಿಕ ಪರೀಕ್ಷೆ ಮುಗಿದು ಶಾಲೆಯ ಬಾಗಿಲು ಮುಚ್ಚಿದ ದಿನವೇ ಅನೇಕ ಮನೆಗಳಲ್ಲಿ ಒಂದು ವಾದ ಆರಂಭವಾಗುತ್ತದೆ. ಮಕ್ಕಳಿಗೆ ಬೇಕಲದ ಮರಳು ಬೇಕು. ಹಿರಿಯರಿಗೆ ಮೈಸೂರಿನ ಅರಮನೆಯೋ ಹಳೇಬೀಡಿನ ಗುಡಿಯೋ ಬೇಕು. ತಂದೆ ಖರ್ಚಿನ ಲೆಕ್ಕ ಹಾಕುತ್ತಾರೆ. ತಾಯಿ ಅಜ್ಜಿಯ ಮಂಡಿನೋವನ್ನು ನೆನಪಿಸುತ್ತಾರೆ. ಇದೇ ವಾದ ಯುರೋಪಿನ ಉತ್ತರದ ದೇಶಗಳಲ್ಲಿಯೂ ಪ್ರತಿವರ್ಷ ನಡೆಯುತ್ತದೆ. ಇಂಗ್ಲೆಂಡ್, ಜರ್ಮನಿ, ಸ್ವೀಡನ್‌ಗಳ ಕುಟುಂಬಗಳು ಕತ್ತಲೆ ಕವಿದ ದೀರ್ಘ ಚಳಿಗಾಲವನ್ನು ಕಳೆದು, ಬಿಸಿಲನ್ನು ಅರಸಿ ದಕ್ಷಿಣಕ್ಕೆ ಮುಖ ಮಾಡುತ್ತವೆ. ಸ್ಪೇನ್, ಪೋರ್ಚುಗಲ್, ಇಟಲಿ, ಕ್ರೊಯೇಷಿಯ, ಗ್ರೀಸ್ ದೇಶಗಳ ನಕ್ಷೆಯನ್ನು ಹರಡಿಕೊಂಡು ಅವರೂ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಕಡಲ ತೀರವೋ, ಹಳೆಯ ನಗರವೋ?

ಈ ಪ್ರಶ್ನೆ ಈಗ ಗಡಿನಾಡಿನ ಕನ್ನಡ ಮನೆಗಳಿಗೂ ಅಪರಿಚಿತವಲ್ಲ. ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ಮಗನೋ ಮಗಳೋ, ‘ಅಪ್ಪ, ಈ ಸಲ ನೀವೇ ಇಲ್ಲಿಗೆ ಬನ್ನಿ, ನಾಲ್ಕು ದಿನ ದಕ್ಷಿಣದ ಕಡೆ ಹೋಗಿ ಬರೋಣ’ ಎಂದು ಕರೆಯುವುದುಂಟು. ಹೋಗುವ ಅವಕಾಶ ಕೆಲವರಿಗೆ ಮಾತ್ರ ಒದಗಬಹುದು. ಆದರೆ ಆ ಊರುಗಳ ಕತೆಯಲ್ಲಿ, ಮನೆಯಲ್ಲಿಯೇ ಉಳಿಯುವವರೂ ತಿಳಿಯಬೇಕಾದ ಸಂಗತಿಯೊಂದಿದೆ.

ಮೊದಲು ಕಡಲನ್ನು ನೋಡೋಣ. ಸ್ಪೇನಿನ ಪೂರ್ವ ಕರಾವಳಿಯ ಬೆನಿಡೋರ್ಮ್ ಒಂದು ಕಾಲದಲ್ಲಿ ಮೀನುಗಾರರ ಹಳ್ಳಿಯಾಗಿತ್ತು. 1956ರಲ್ಲಿ ಅಲ್ಲಿನ ಪುರಸಭೆ ಹೊಸ ನಗರ ಯೋಜನೆಯೊಂದನ್ನು ಒಪ್ಪಿಕೊಂಡಿತು. ವಿಮಾನ ಪ್ರಯಾಣ, ಊಟ, ವಸತಿಗಳನ್ನು ಒಟ್ಟುಗೂಡಿಸಿ ಮಾರುವ ಅಗ್ಗದ ಪ್ರವಾಸಗಳು ಬಂದವು. ಬಲೆ ಒಣಗಿಸುತ್ತಿದ್ದ ದಂಡೆಯ ಹಿಂದೆ ಗಗನಚುಂಬಿ ಹೋಟೆಲುಗಳು ಎದ್ದವು. ಮಯೋರ್ಕಾ ದ್ವೀಪ, ಪೋರ್ಚುಗಲಿನ ದಕ್ಷಿಣದಂಚಿನ ಅಲ್ಗಾರ್ವ್, ಗ್ರೀಸಿನ ಸಾಂತೊರಿನಿ ಇವೆಲ್ಲ ಬೇರೆಬೇರೆ ರೀತಿಯಲ್ಲಿ ಇದೇ ದಾರಿಯನ್ನು ತುಳಿದವು. ತೀರದ ರಜೆಯ ಗುಣ ಸರಳವಾದುದು: ಮಕ್ಕಳು ಮರಳಿನಲ್ಲಿ ಆಡುತ್ತಾರೆ, ದೊಡ್ಡವರು ದಣಿವಾರಿಸಿಕೊಳ್ಳುತ್ತಾರೆ, ಯಾರೂ ಚರಿತ್ರೆಯನ್ನು ಕಲಿಯಬೇಕಾಗಿಲ್ಲ.

ಆದರೆ ಅರಬ್ಬೀ ಸಮುದ್ರದ ಬದಿಯಲ್ಲಿ ಬೆಳೆದವರಿಗೆ ಆ ಕಡಲು ಬೇರೆಯದೇ ಆಗಿ ಕಾಣುತ್ತದೆ. ಮೆಡಿಟರೇನಿಯನ್ ಬಹುಮಟ್ಟಿಗೆ ಭೂಮಿಯಿಂದ ಸುತ್ತುವರಿದ ಸಮುದ್ರ. ಅದರ ಹೆಚ್ಚಿನ ತೀರಗಳಲ್ಲಿ ಉಬ್ಬರ ಇಳಿತಗಳು ಕಣ್ಣಿಗೆ ಬೀಳದಷ್ಟು ಅಲ್ಪ. ಮಲಬಾರಿನ ಕಡಲು ಏಪ್ರಿಲ್‌ನಲ್ಲಿ 30 ಡಿಗ್ರಿಯ ಸಮೀಪ ಬೆಚ್ಚಗಿರುವಾಗ ಬಾರ್ಸಿಲೋನಾದ ತೀರದ ನೀರು 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಲಿಸ್ಬನ್ನಿನ ಬಳಿಯ ಅಟ್ಲಾಂಟಿಕ್ ಸಾಗರವಂತೂ ನಡುಬೇಸಗೆಯಲ್ಲಿಯೂ ತಣ್ಣಗೆ ಕೊರೆಯುತ್ತದೆ. ಸ್ನಾನಕ್ಕೆ ಹಿತವಾದ ನೀರು ಬೇಕೆಂದರೆ ಜುಲೈ, ಆಗಸ್ಟ್ ತಿಂಗಳುಗಳನ್ನೇ ಆರಿಸಬೇಕು. ಆ ತಿಂಗಳುಗಳಲ್ಲಿ ಯುರೋಪಿನ ಶಾಲೆಗಳಿಗೆಲ್ಲ ರಜೆ. ಕೋಣೆಯ ಬಾಡಿಗೆ ಏರುತ್ತದೆ, ಕಾಲಿಡಲು ಸ್ಥಳವಿರುವುದಿಲ್ಲ. ಬಿಸಿಲೂ ಈಚೆಗೆ ಭಯಂಕರವಾಗಿದೆ. 2021ರ ಆಗಸ್ಟ್ 11ರಂದು ಸಿಸಿಲಿ ದ್ವೀಪದಲ್ಲಿ ದಾಖಲಾದ 48.8 ಡಿಗ್ರಿ ಉಷ್ಣತೆಯನ್ನು ವಿಶ್ವ ಹವಾಮಾನ ಸಂಸ್ಥೆ ಯುರೋಪ್ ಖಂಡದ ದಾಖಲೆಯೆಂದು ಒಪ್ಪಿಕೊಂಡಿದೆ. ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡವನ್ನು 2023ರ ಮತ್ತು 2024ರ ಬೇಸಗೆಗಳಲ್ಲಿ ಕೆಲವು ದಿನ ನಡುಮಧ್ಯಾಹ್ನ ಮುಚ್ಚಬೇಕಾಯಿತು.

ಇಲ್ಲಿ ಗಡಿನಾಡಿನ ಶಾಲಾ ಕುಟುಂಬಗಳಿಗೆ ಒಂದು ಅನುಕೂಲವಿದೆ. ಕೇರಳದಲ್ಲಾಗಲಿ ನೆರೆಯ ರಾಜ್ಯಗಳಲ್ಲಾಗಲಿ ದೊಡ್ಡ ರಜೆ ಬೀಳುವುದು ಏಪ್ರಿಲ್, ಮೇ ತಿಂಗಳುಗಳ ಸುಮಾರಿಗೆ. ದಕ್ಷಿಣ ಯುರೋಪಿನಲ್ಲಿ ಅದು ವಸಂತ. ನಡೆದಾಡಲು ಹಿತವಾದ ಕಾಲ. ಈಸ್ಟರ್ ವಾರವನ್ನು ತಪ್ಪಿಸಿಕೊಂಡರೆ ಜನಸಂದಣಿಯೂ ಬೇಸಗೆಯಷ್ಟಿರುವುದಿಲ್ಲ. ಆದುದರಿಂದ ಇಲ್ಲಿಂದ ಹೋಗುವವರ ಮಟ್ಟಿಗೆ ವಾದ ಅರ್ಧ ಬಗೆಹರಿದಂತೆಯೇ: ಕಡಲನ್ನು ದಂಡೆಯಿಂದ ನೋಡಬಹುದು, ನಗರವನ್ನು ಕಾಲ್ನಡಿಗೆಯಲ್ಲಿ ಸುತ್ತಬಹುದು.

ಹಾಗಾದರೆ ಯಾವ ನಗರ? ಹೆಚ್ಚಿನವರ ಬಾಯಲ್ಲಿ ಮೊದಲು ಬರುವ ಹೆಸರು ವೆನಿಸ್. ಕರಾವಳಿಯ ಕರಿಮೆಣಸಿಗೂ ವೆನಿಸ್ಸಿಗೂ ಹಳೆಯ ನಂಟಿದೆ. ಮಲಬಾರಿನ ಮೆಣಸು ಅರಬರ ಹಡಗುಗಳಲ್ಲಿ ಕೆಂಪು ಸಮುದ್ರವನ್ನು ದಾಟಿ, ಅಲೆಗ್ಸಾಂಡ್ರಿಯಾದ ಮೂಲಕ ವೆನಿಸ್ಸಿನ ರಿಯಾಲ್ಟೊ ಪೇಟೆಗೆ ಸೇರುತ್ತಿತ್ತು. ಅಲ್ಲಿಂದ ಯುರೋಪಿನ ಅಡುಗೆಮನೆಗಳಿಗೆ ಹೋಗುತ್ತಿತ್ತು. ನೀರಿನ ಮೇಲೆ ನಿಂತ ಆ ನಗರದ ಸೊಬಗಿಗೆ ಎಣೆಯಿಲ್ಲ. ಆದರೆ ರಿಯಾಲ್ಟೊ ಸೇತುವೆಯಿಂದ ಸ್ವಲ್ಪವೇ ದೂರದ ಚೌಕವೊಂದರಲ್ಲಿ, ಔಷಧದ ಅಂಗಡಿಯ ಕಿಟಕಿಯಲ್ಲಿ, ಅಂಕಿ ತೋರಿಸುವ ಒಂದು ಫಲಕವಿದೆ. 2008ರಿಂದ ಅಲ್ಲಿರುವ ಆ ಫಲಕ ತೋರಿಸುವುದು ಚಿನ್ನದ ದರವನ್ನಲ್ಲ, ಹಳೆಯ ನಗರದಲ್ಲಿ ಉಳಿದಿರುವ ನಿವಾಸಿಗಳ ಸಂಖ್ಯೆಯನ್ನು. 1951ರಲ್ಲಿ ಅಲ್ಲಿ ಸುಮಾರು 1,75,000 ಜನ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು.

ಈ ಜನ ಎಲ್ಲಿ ಹೋದರು? ಹಲವರು ಸೇತುವೆಯಾಚೆಯ ಮೆಸ್ತ್ರೆಗೆ, ಒಳನಾಡಿನ ಪಟ್ಟಣಗಳಿಗೆ ಹೋದರು. ಪ್ರವಾಹ, ತೇವ, ಉದ್ಯೋಗದ ಕೊರತೆ ಇವೂ ಕಾರಣಗಳೇ. ಆದರೆ ಪ್ರವಾಸಿಯೊಬ್ಬ ವಾರಕ್ಕೆ ಕೊಡುವ ಬಾಡಿಗೆಯನ್ನು ಊರಿನ ಶಿಕ್ಷಕನೋ ದಾದಿಯೋ ತಿಂಗಳಿಗೂ ಕೊಡಲಾರದೆ ಹೋದಾಗ ಮನೆ ಯಾರ ಪಾಲಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಮನೆ ವಸತಿಗೃಹವಾದ ಮೇಲೆ ತರಕಾರಿ ಅಂಗಡಿ ಮುಖವಾಡಗಳ ಅಂಗಡಿಯಾಗುತ್ತದೆ. ಮಕ್ಕಳಿಲ್ಲದ ಬೀದಿಯಲ್ಲಿ ಶಾಲೆಯೂ ಉಳಿಯುವುದಿಲ್ಲ. ಇಟಲಿಯ ಸರಕಾರ 2021ರಲ್ಲಿ ದೊಡ್ಡ ವಿಹಾರ ನೌಕೆಗಳು ನಗರದ ಮುಂದಿನ ಕಾಲುವೆಯಲ್ಲಿ ಹಾಯುವುದನ್ನು ತಡೆಯಿತು. 2024ರ ಏಪ್ರಿಲ್ 25ರಿಂದ ನಗರದ ಆಡಳಿತ, ಗೊತ್ತುಪಡಿಸಿದ ದಿನಗಳಲ್ಲಿ, ಬೆಳಗ್ಗೆ ಬಂದು ಸಂಜೆ ಮರಳುವವರಿಂದ 5 ಯೂರೊ ಪ್ರವೇಶಧನ ಪಡೆಯಲಾರಂಭಿಸಿತು. ನಗರದಲ್ಲಿಯೇ ರಾತ್ರಿ ತಂಗುವವರು ವಸತಿ ತೆರಿಗೆಯನ್ನು ಕೊಡುವುದರಿಂದ ಅವರಿಗೆ ಈ ಶುಲ್ಕವಿಲ್ಲ. ವೆನಿಸ್ಸಿಗೆ ಹೋಗುವುದೇ ಆದರೆ ಎರಡು ರಾತ್ರಿ ತಂಗುವುದು ಮೇಲು. ದಿನದ ಗುಂಪುಗಳು ಮರಳಿದ ಮೇಲೆ, ಊರಿನವರು ನಾಯಿಯನ್ನು ಹಿಡಿದುಕೊಂಡು ಹೊರಡುವ ಹೊತ್ತಿನಲ್ಲಿ, ಆ ನಗರ ತನ್ನ ನಿಜರೂಪವನ್ನು ತೋರಿಸುತ್ತದೆ.

ಮೆಣಸಿನ ದಾರಿ ವೆನಿಸ್ಸಿನಿಂದ ಲಿಸ್ಬನ್ನಿಗೆ ತಿರುಗಿದ್ದು ವಾಸ್ಕೊ ಡ ಗಾಮನಿಂದ. 1497ರಲ್ಲಿ ಲಿಸ್ಬನ್ನಿನಿಂದ ಹೊರಟ ಆತ 1498ರ ಮೇ ತಿಂಗಳಲ್ಲಿ ಕೋಳಿಕ್ಕೋಡಿನ ತೀರವನ್ನು ತಲಪಿದ. ಲಿಸ್ಬನ್ನಿನ ಜೆರೋನಿಮೋಸ್ ಮಠದ ಕಟ್ಟಡ 1501ರ ಸುಮಾರಿಗೆ ಆರಂಭವಾಯಿತು; ಪೂರ್ವದ ಸಾಂಬಾರ ಪದಾರ್ಥಗಳ ವ್ಯಾಪಾರದ ಮೇಲಿನ ತೆರಿಗೆಯೇ ಅದಕ್ಕೆ ಮುಖ್ಯ ಆಧಾರ. ಆ ಕಂಬಗಳ ಕುಸುರಿಯನ್ನು ಬೆರಗಿನಿಂದ ನೋಡುವ ಕರಾವಳಿಯ ಮಗುವಿಗೆ, ಇದು ಅಜ್ಜನ ತೋಟದ ಬಳ್ಳಿಯ ಹಣವೂ ಹೌದೆಂದು ಹೇಳಿದರೆ ಪಾಠಪುಸ್ತಕದ ಅಧ್ಯಾಯ ಒಮ್ಮೆಲೇ ಜೀವ ತಳೆಯುತ್ತದೆ. ಆ ವ್ಯಾಪಾರ ಫಿರಂಗಿಯ ಬಲದಿಂದ ನಡೆಯಿತೆಂಬುದನ್ನೂ ಹೇಳಬೇಕು. ಅದೇ ಕಾಲದ ಗುರುತುಗಳು ಮನೆಯ ಮಾತಿನಲ್ಲಿಯೂ ಉಳಿದಿವೆ: ಮೇಜು, ಜನೇಲು, ಚಾವಿ, ಪಾದ್ರಿ ಇವೆಲ್ಲ ಪೋರ್ಚುಗೀಸರ ಹಡಗಿನಿಂದ ಇಳಿದ ಶಬ್ದಗಳು. ಲಿಸ್ಬನ್ ಏರಿಳಿತಗಳ ಊರು. ಮಂಡಿನೋವಿನ ಅಜ್ಜಿಯಿದ್ದರೆ ಹಳೆಯ ಟ್ರಾಮುಗಳನ್ನು ನಂಬಿ ನಿಧಾನವಾಗಿ ಸುತ್ತಬೇಕು.

ಕಡಲೂ ನಗರವೂ ಒಟ್ಟಿಗೇ ಬೇಕೆನ್ನುವವರು ಬಾರ್ಸಿಲೋನಾವನ್ನು ಆರಿಸುತ್ತಾರೆ. ಕಾರ್ಖಾನೆ, ರೈಲುಹಳಿಗಳ ಮರೆಯಲ್ಲಿದ್ದ ಅಲ್ಲಿನ ತೀರ 1992ರ ಒಲಿಂಪಿಕ್ಸ್ ಸಮಯದಲ್ಲಿ ತೆರೆದುಕೊಂಡಿತು. 1882ರಲ್ಲಿ ಆರಂಭವಾದ ಸಗ್ರಾದ ಫಮೀಲಿಯ ಎಂಬ ದೇವಾಲಯ ಆಂಟೊನಿ ಗೌಡಿಯ ಕಲ್ಪನೆಯಲ್ಲಿ ಹೊಸ ರೂಪ ಪಡೆಯಿತು. 1926ರಲ್ಲಿ ಟ್ರಾಮಿನಡಿ ಸಿಕ್ಕಿ ಆತ ತೀರಿಕೊಂಡಾಗ ಅದರ ಅಲ್ಪಭಾಗ ಮಾತ್ರ ಮುಗಿದಿತ್ತು. ನೋಡಬೇಕಾದುದಕ್ಕೆ ಕೊರತೆಯಿಲ್ಲ. ಆದರೆ 2024ರ ಜುಲೈಯಲ್ಲಿ ಅಲ್ಲಿನ ನಿವಾಸಿಗಳು ಬೀದಿಗಿಳಿದು, ಹೋಟೆಲಿನ ಮುಂದೆ ಕುಳಿತಿದ್ದ ಪ್ರವಾಸಿಗಳ ಮೇಲೆ ಆಟಿಕೆಯ ಪಿಸ್ತೂಲುಗಳಿಂದ ನೀರು ಚಿಮ್ಮಿಸಿದ ಚಿತ್ರವನ್ನು ಜಗತ್ತೇ ಕಂಡಿತು. ಅದಕ್ಕೆ ಕೆಲವೇ ದಿನಗಳ ಮೊದಲು, ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವ ಸುಮಾರು 10,000 ಮನೆಗಳ ಪರವಾನಗಿಯನ್ನು 2028ರ ನವೆಂಬರಿನ ಬಳಿಕ ಮುಂದುವರಿಸುವುದಿಲ್ಲವೆಂದು ಮೇಯರ್ ಪ್ರಕಟಿಸಿದ್ದರು. ನೀರು ಚಿಮ್ಮಿಸುವುದು ಅತಿಥಿಗೆ ತಕ್ಕ ಉಪಚಾರವಲ್ಲ, ನಿಜ. ಆದರೆ ಹುಟ್ಟಿದ ಬೀದಿಯಲ್ಲಿ ಬಾಡಿಗೆ ಕೊಡಲಾಗದೆ ಗಂಟು ಕಟ್ಟಿದವನ ಸಂಕಟವೂ ಅಷ್ಟೇ ನಿಜ.

ಬಾರ್ಸಿಲೋನಾದ ಬೀದಿಯ ಫಲಕಗಳಲ್ಲಿರುವುದು ಸ್ಪ್ಯಾನಿಷ್ ಎಂದು ಭಾವಿಸುವವರು ಬಹಳ. ಅದು ಕಟಲಾನ್. ಸ್ವಂತ ಸಾಹಿತ್ಯ, ಸ್ವಂತ ವ್ಯಾಕರಣವುಳ್ಳ ಬೇರೆಯೇ ಭಾಷೆ. 1939ರಿಂದ 1975ರ ವರೆಗಿನ ಫ್ರಾಂಕೊ ಆಳ್ವಿಕೆಯಲ್ಲಿ ಅದು ಶಾಲೆ, ಕಚೇರಿಗಳಿಂದ ಹೊರದೂಡಲ್ಪಟ್ಟು ಮನೆಯ ಒಳಕೋಣೆಯಲ್ಲಿ ಬದುಕಿತು. 1983ರ ಕಾನೂನಿನ ಬಳಿಕ ಮತ್ತೆ ಶಾಲೆಯ ಭಾಷೆಯಾಯಿತು. ಪ್ರತಿವರ್ಷ ಏಪ್ರಿಲ್ 23ರಂದು, ಸಂತ ಜೋರ್ದಿಯ ದಿನ, ಅಲ್ಲಿಯ ಜನ ಪರಸ್ಪರ ಗುಲಾಬಿಯನ್ನೂ ಪುಸ್ತಕವನ್ನೂ ಕೊಡುತ್ತಾರೆ. ಬೀದಿಗಳೆಲ್ಲ ಪುಸ್ತಕದ ಮಳಿಗೆಗಳಾಗುತ್ತವೆ. ಏಪ್ರಿಲ್ ರಜೆಯಲ್ಲಿ ಹೋಗುವ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ದಿನ ಸಿಗಲಾರದು.

ಕಟಲಾನ್ ಭಾಷೆಗೂ ಗಡಿಯಾಚೆಯ ಬಂಧುಗಳಿದ್ದಾರೆ. 1659ರ ಒಪ್ಪಂದದಿಂದ ಪರ್ಪಿನ್ಯಾಂ ಪ್ರದೇಶ ಫ್ರಾನ್ಸಿಗೆ ಸೇರಿತು. ಮೂರು ಶತಮಾನಗಳಿಗೂ ಹೆಚ್ಚು ಕಾಲದ ಬಳಿಕ, 1976ರಲ್ಲಿ, ಅಲ್ಲಿಯ ಪೋಷಕರು ಮತ್ತು ಭಾಷಾಭಿಮಾನಿಗಳು ಕಟಲಾನ್ ಮಾಧ್ಯಮದ ಶಾಲೆಯೊಂದನ್ನು ಆರಂಭಿಸಿದರು. ಅದರ ಹೆಸರು ಲಾ ಬ್ರೆಸ್ಸೊಲಾ, ಅರ್ಥ ‘ತೊಟ್ಟಿಲು’. ಇಟಲಿಯ ಸಾರ್ಡೀನಿಯ ದ್ವೀಪದ ವಾಯವ್ಯ ತೀರದಲ್ಲಿ ಅಲ್ಗೇರೊ ಎಂಬ ಕೋಟೆಯ ಪಟ್ಟಣವಿದೆ. 1354ರಲ್ಲಿ ಅರಗಾನಿನ ದೊರೆ ಅದನ್ನು ಗೆದ್ದ ಬಳಿಕ, ಮೊದಲಿದ್ದ ನಿವಾಸಿಗಳನ್ನು ಹೊರಹಾಕಿ ಕಟಲಾನರನ್ನು ನೆಲೆಗೊಳಿಸಿದನು. ಹಳೆಯ ಪೇಟೆಯ ಬೀದಿಗಳಿಗೆ ಇಂದಿಗೂ ಎರಡು ಭಾಷೆಗಳ ಹೆಸರುಗಳಿವೆ. ಇಟಲಿಯ 1999ರ ಕಾನೂನು ಕಟಲಾನನ್ನು ದೇಶದ 12 ಐತಿಹಾಸಿಕ ಅಲ್ಪಸಂಖ್ಯಾತ ಭಾಷೆಗಳಲ್ಲಿ ಒಂದೆಂದು ಮನ್ನಿಸಿದೆ. ಆದರೂ ಅಜ್ಜ ಅಜ್ಜಿಯರು ಆಡುವ ಮಾತನ್ನು ಅಲ್ಲಿಯ ಹೆಚ್ಚಿನ ಮಕ್ಕಳು ಮನೆಮಾತಾಗಿ ಕಲಿಯುತ್ತಿಲ್ಲ. ಫಲಕದಲ್ಲಿ ಉಳಿದ ಭಾಷೆಯೂ ಮಕ್ಕಳ ಬಾಯಲ್ಲಿ ಉಳಿದ ಭಾಷೆಯೂ ಒಂದೇ ಅಲ್ಲವೆಂಬುದನ್ನು 1956ರ ಗಡಿರೇಖೆಯ ಈಚೆ ಕನ್ನಡ ಶಾಲೆಗಳನ್ನು ಉಳಿಸಿಕೊಂಡು ಬಂದವರು ಚೆನ್ನಾಗಿ ಬಲ್ಲರು.

ಅಲ್ಗೇರೊದಲ್ಲಿ ಕಡಲಿದೆ, ಕೋಟೆಯ ಗೋಡೆಯಿದೆ, 654 ಮೆಟ್ಟಿಲುಗಳನ್ನು ಇಳಿದು ಸೇರುವ ನೆಪ್ಚೂನನ ಗವಿಯಿದೆ. ಮೆಟ್ಟಿಲು ಇಳಿಯಲಾಗದವರಿಗೆ ದೋಣಿಯೂ ಉಂಟು. ಬೇಸಗೆಯಲ್ಲಿ ಅಲ್ಲಿಯೂ ಜನ ಹೆಚ್ಚು. ಆದರೆ ವಸಂತದಲ್ಲಿ ಅದು ತನ್ನ ಪಾಡಿಗೆ ತಾನಿರುವ ಪಟ್ಟಣ. ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ಕುಟುಂಬಕ್ಕೆ ವೆನಿಸ್ಸಿನ ವೈಭವಕ್ಕಿಂತಲೂ ಇದು ಹತ್ತಿರವೆನಿಸಿದರೆ ಅಚ್ಚರಿಯಿಲ್ಲ.

ಪ್ರಯಾಣದ ಕೆಲವು ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು. ಮೇಲಿನ ದಕ್ಷಿಣದ ದೇಶಗಳಿಗೆಲ್ಲ ಷೆಂಗೆನ್ ವೀಸಾ ಒಂದೇ ಸಾಕು. ಕ್ರೊಯೇಷಿಯವೂ 2023ರಲ್ಲಿ ಆ ಒಕ್ಕೂಟವನ್ನು ಸೇರಿದೆ. ಯಾವುದೇ 180 ದಿನಗಳಲ್ಲಿ 90 ದಿನಗಳಿಗಿಂತ ಹೆಚ್ಚು ತಂಗುವಂತಿಲ್ಲ. ಹೆಚ್ಚು ದಿನ ತಂಗುವ ದೇಶದ ದೂತಾವಾಸಕ್ಕೇ ಅರ್ಜಿ ಸಲ್ಲಿಸಬೇಕು. 30,000 ಯೂರೊಗಳಿಗೆ ಕಡಿಮೆಯಿಲ್ಲದ ಪ್ರಯಾಣ ವಿಮೆ ಕಡ್ಡಾಯ. 2024ರ ಜೂನಿನಿಂದ ವಯಸ್ಕರಿಗೆ ಶುಲ್ಕ 90 ಯೂರೊ, 6ರಿಂದ 11 ವರ್ಷದ ಮಕ್ಕಳಿಗೆ 45 ಯೂರೊ. ಪ್ರಯಾಣಕ್ಕೆ ಆರು ತಿಂಗಳಿರುವಾಗಲೇ ಅರ್ಜಿ ಹಾಕಬಹುದಾದುದರಿಂದ ಅರ್ಧವಾರ್ಷಿಕ ಪರೀಕ್ಷೆಯ ಸುಮಾರಿಗೇ ಸಿದ್ಧತೆ ಆರಂಭಿಸಿದರೆ ಏಪ್ರಿಲ್‌ನ ಗಡಿಬಿಡಿ ತಪ್ಪುತ್ತದೆ.

ಇವೆಲ್ಲದರ ಜೊತೆಗೆ, ಊರನ್ನು ಆರಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇನ್ನೆರಡಿವೆ. ರಾತ್ರಿಯ ಬಾಡಿಗೆ ಯಾರ ಕೈಸೇರುತ್ತದೆ — ಹೋಟೆಲು ನಡೆಸುವ ಸ್ಥಳೀಯನದೋ, ಒಂದು ಕುಟುಂಬವನ್ನು ಹೊರಗೆ ಕಳುಹಿಸಿ ಖಾಲಿ ಮಾಡಿಸಿದ ಮನೆಯ ಒಡೆಯನದೋ? ಆ ಬೀದಿಯಲ್ಲಿ ಬೆಳಗ್ಗೆ ಶಾಲೆಗೆ ಹೊರಡುವ ಮಕ್ಕಳು ಇನ್ನೂ ಇದ್ದಾರೆಯೇ? ಎರಡನೆಯದಕ್ಕೆ ಹೌದೆಂಬ ಉತ್ತರ ಸಿಗುವ ಊರಿನಲ್ಲಿ ಪ್ರವಾಸಿಗೆ ನೋಡಲು ಏನಾದರೂ ಇದ್ದೇ ಇರುತ್ತದೆ. ಅಲ್ಲಿಯ ಬೇಕರಿಯಲ್ಲಿ ಇಂಗ್ಲಿಷಿಗೆ ಮೊದಲು ಆ ಊರಿನ ಮಾತಿನಲ್ಲಿ ‘ಬೊನ್ ದಿಯಾ’ ಎಂದು ವಂದಿಸಿದರೆ ಅಂಗಡಿಯಾಕೆಯ ಮುಖ ಹೇಗೆ ಅರಳುವುದೆಂದು, ಗಡಿನಾಡಿನ ಕಚೇರಿಯಲ್ಲಿ ಅನಿರೀಕ್ಷಿತವಾಗಿ ಕನ್ನಡದ ಉತ್ತರ ಕೇಳಿದವರಿಗೆ ಬೇರೆ ಹೇಳಬೇಕಾಗಿಲ್ಲ.